ಬೂದುಗುಂಬಳದೊಳಗಿನ ನ್ಯಾನೊ ಕಣ

ಬಸವಕಲ್ಯಾಣದ ನಮ್ಮ ಓಣಿಯಲ್ಲಿ ನನಗಿದ್ದ ಆಸ್ತಿ ಒಂದೇ: ಬಾಣಾಮತಿ, ಮಾಟಮಂತ್ರ ಎಲ್ಲ ಸುಳ್ಳು ಎಂದು ಸಾರುವ ವಿಜ್ಞಾನದ ಮಾಸ್ತರ ಎಂಬ ಹೆಸರು. ಹುಮನಾಬಾದದ ಶಾಲೆಯವರು ನ್ಯಾನೊ ಕಣಗಳ ಕುರಿತ ಭಾಷಣಕ್ಕೆ ಕರೆದಾಗ ಯೋಚಿಸದೆ ಒಪ್ಪಿದೆ. ಚಿಂತೆ ನನ್ನ ನಿತ್ಯದ ಕಸುಬು. ಅಂದು ಮಾತ್ರ ರಜೆ ಹಾಕಿದ್ದೆ.

ವಿಷಯ ಸರಳ. ಕಣ್ಣಿಗೆ ಕಾಣದಷ್ಟು ಸಣ್ಣ ಕಬ್ಬಿಣದ ಕಣಕ್ಕೆ ಹೊಳೆಯುವ ಬಣ್ಣ ಸವರಿ ಮೈಯೊಳಗೆ ಬಿಟ್ಟರೆ, ಆಯಸ್ಕಾಂತ ಎಳೆದತ್ತ ಹೋಗಿ, ಗಡ್ಡೆ ಎಲ್ಲಿದೆಯೆಂದು ಬೆಳಗಿ ತೋರಿಸುತ್ತದೆ. ಬರೀ ಬಾಯಲ್ಲಿ ಹೇಳಿದರೆ ಯಾರು ನಂಬುತ್ತಾರೆ? ರೋಗಿಯ ಸ್ಥಾನಕ್ಕೆ ಒಂದು ಬೂದುಗುಂಬಳ ತಂದೆ. ಲೇತ್ ಅಂಗಡಿಯ ಕಬ್ಬಿಣದ ಪುಡಿ, ಎಣ್ಣೆಯಲ್ಲಿ ಕಲಸಿದ ಅರಿಶಿನ, ಹಳೆಯ ಸ್ಪೀಕರಿನ ಆಯಸ್ಕಾಂತ, ದನದ ಡಾಕ್ಟರರ ದಪ್ಪ ಸೂಜಿ, ಖೋಟಾ ನೋಟು ಹಿಡಿಯುವ ನೀಲಿ ದೀಪ, ಎಲ್ಲವೂ ಕೂಡಿದವು.

ಕತ್ತಲೆ ಬೇಕೆಂದು ಹಾಡಹಗಲೇ ಕಿಟಕಿ ಮುಚ್ಚಿದೆ. ಸೆಕೆಗೆ ಅಂಗಿ ಕಳಚಿದೆ. ಕುಂಬಳಕ್ಕೆ ಸೂಜಿ ಚುಚ್ಚುವಾಗ, ಮಜ್ಜಿಗೆ ಕೇಳಲು ಬಂದ ನೆರೆಮನೆಯ ನೀಲಮ್ಮ ಬಾಗಿಲು ದೂಡಿದರು.

"ಏನ್ ಮಾಡಾಕತ್ತೀರಿ ಮಾಸ್ತರ?"

"ರೋಗ ಎಲ್ಲದ ನೋಡಾಕತ್ತೇನ್ರಿ."

"ಯಾರ್ದು?"

"ಯಾರ್ದಾದ್ರೂ ನಡೀತದ್ರಿ" ಎಂದೆ, ವಿಜ್ಞಾನಿಯ ಗಾಂಭೀರ್ಯದಿಂದ.

ನೀಲಮ್ಮ ಪಾತ್ರೆಯನ್ನೂ ಬಿಟ್ಟು ಓಡಿದರು.

ಸಂಜೆ ಹೆಂಡತಿ ಶಾಂತಾ ಸುದ್ದಿ ತಂದಳು. "ನೀಲಮ್ಮಗ ಜ್ವರ ಬಂದದ. ನೀವೇ ಬಾಣಾಮತಿ ಮಾಡೀರಿ ಅನ್ನಾಕತ್ತಾರ ಮಂದಿ."

"ಅದು ವಿಜ್ಞಾನ ಅಂತ ನೀ ಹೇಳಲಿಲ್ಲೇನು?"

"ಹೇಳ್ದೆ. ಹಂಗಾದ್ರ ಇನ್ನೂ ಜಬರ್ದಸ್ತ್ ಇರಬೇಕು ಅಂದ್ರು."

ಮರುದಿನ ಹುಮನಾಬಾದದ ಬಸ್ಸಿನಲ್ಲಿ ಸೂಜಿ ಚುಚ್ಚಿದ ಕುಂಬಳ ನನ್ನ ತೊಡೆಯ ಮೇಲಿತ್ತು. ತುಂಬಿದ ಬಸ್ಸಿನಲ್ಲೂ ನನ್ನ ಪಕ್ಕ ಯಾರೂ ಕೂಡಲಿಲ್ಲ. ಶಾಲೆಯಲ್ಲಿ ಪ್ರಯೋಗ ಗೆದ್ದಿತು. ಕತ್ತಲೆ ಕೋಣೆಯಲ್ಲಿ, ನೀಲಿ ದೀಪ ಹಿಡಿದಾಗ, ಸೀಳಿದ ಕುಂಬಳದೊಳಗೆ ಆಯಸ್ಕಾಂತ ಹಿಡಿದ ಜಾಗ ಹಳದಿಯಾಗಿ ಬೆಳಗಿತು. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಹೆಡ್‌ಮಾಸ್ತರರು ಮಾತ್ರ ನನ್ನನ್ನು ಬದಿಗೆ ಕರೆದರು.

"ಭಾಳ ಛಲೋ ತೋರ್ಸಿದ್ರಿ ಸರ್. ನಮ್ಮ ಎಮ್ಮಿ ಹಾಲು ಕೊಡವಲ್ದು. ಯಾರು ಏನ್ ಮಾಡ್ಸ್ಯಾರ, ಜರಾ ನೋಡ್ತೀರೇನು?"

"ನೀವೂ ಬಾಣಾಮತಿ ನಂಬ್ತೀರೇನ್ರಿ?"

"ನಾ ನಂಬಂಗಿಲ್ರಿ. ಖರೆ, ಎಮ್ಮಿ ನಂಬ್ತದ."

ಸೋತು ಹೋದೆ. ಎಮ್ಮೆಯ ಬೆನ್ನು ಸವರಿ, ಅದು ಕುಡಿಯುವ ಬಾನಿಯ ಹೊಲಸು ನೀರು ಚೆಲ್ಲಿ ಹೊಸ ನೀರು ತುಂಬಲು ಹೇಳಿ ಬಂದೆ. ಮರುದಿನ ಅದು ತಂಬಿಗೆ ತುಂಬ ಹಾಲು ಕೊಟ್ಟಿತು. ನನ್ನ ಕತೆ ಮುಗಿಯಿತು.

ಈಗ ಮನೆ ಮುಂದೆ ನಿಂಬೆಹಣ್ಣು ಹಿಡಿದ ಮಂದಿ ನಿಂತಿರುತ್ತಾರೆ. ಎಲ್ಲರಿಗಿಂತ ಮುಂದೆ ನೀಲಮ್ಮ. ಬಿಡದೆ ಎಲ್ಲರಿಗೂ ನ್ಯಾನೊ ಕಣ ವಿವರಿಸುತ್ತೇನೆ. ಮಂತ್ರವೆಂದು ತಿಳಿದು ಕಣ್ಣು ಮುಚ್ಚಿ, ಕೈಮುಗಿದು ಕೇಳುತ್ತಾರೆ.

ನನ್ನ ಪಾಠವನ್ನು ಇಷ್ಟು ಶ್ರದ್ಧೆಯಿಂದ ತರಗತಿಯಲ್ಲಿ ಯಾರೂ ಕೇಳಿದ್ದಿಲ್ಲ.