ಇಳಕಲ್ಲಿಗೆ ಬಂದ ಜೂಡೋ

ಕೆಲವರು ಹೋದಲ್ಲೆಲ್ಲ ಜಗಳ ಹಿಂಬಾಲಿಸುತ್ತದೆ. ನಮ್ಮ ಹವಾಲ್ದಾರರನ್ನು ಹಿಂಬಾಲಿಸುತ್ತಿದ್ದದ್ದು ನಗು. ನಗಿಸಬೇಕೆಂದು ಅವರು ಏನೂ ಮಾಡುತ್ತಿರಲಿಲ್ಲ. ಮೀಸೆ ನೇರ, ನಡಿಗೆ ನೇರ, ಮಾತೂ ನೇರ. ಆದರೂ ಅವರು ಕಾಲಿಟ್ಟಲ್ಲಿ ಒಂದಿಲ್ಲೊಂದು ಆಗಿಯೇ ಆಗುತ್ತಿತ್ತು.

ಮಹಾಯುದ್ಧ ಮುಗಿದ ಮೇಲೆ ಅವರ ಪಲ್ಟನ್ನನ್ನು ಕೆಲವು ಕಾಲ ಜಪಾನಿನಲ್ಲಿ ಇಟ್ಟಿದ್ದರಂತೆ. ಅಲ್ಲೊಬ್ಬ ಮುದುಕ ಗುರುವಿನ ಅಂಗಳದಲ್ಲಿ ಅವರು ಜೂಡೋ ಕಲಿತರು. ಪಿಂಚಣಿಯಾಗಿ ಇಳಕಲ್ಲಿಗೆ ಬಂದವರೇ ಹಿತ್ತಲಲ್ಲಿ ಹುಲ್ಲು ಹಾಸಿ, ಮೇಲೊಂದು ಜಮಖಾನೆ ಬಿಗಿದು ಸಂಜೆಯ ಪಾಠ ಶುರು ಮಾಡಿದರು. ನಾನಾಗ ಹೈಸ್ಕೂಲಿನಲ್ಲಿ ಇತಿಹಾಸದ ಮಾಸ್ತರ. ಮೈಯಲ್ಲಿ ಮಾಂಸ ಕಡಿಮೆ, ತಲೆಯಲ್ಲಿ ಕುತೂಹಲ ಜಾಸ್ತಿ. ಮೊದಲ ಶಿಷ್ಯ ನಾನೇ. ಎರಡನೆಯವನು ಅದೇ ಓಣಿಯ ಒಬ್ಬ ನೇಕಾರ. ಮಗ್ಗ ಹೊಡೆದು ಹೊಡೆದು ಅವನ ತೋಳು ಬೇವಿನ ಬೊಡ್ಡೆಯಂತಾಗಿದ್ದವು.

"ಅವ ನೂಕಿದರ ನೀ ಎಳಿ, ಅವ ಎಳದರ ನೀ ನೂಕು. ಅವನ ಜೋರಿನಿಂದನ ಅವನ್ನ ಕೆಡವು. ಇಷ್ಟ ವಿದ್ಯಾ," ಎಂದರು ಹವಾಲ್ದಾರರು.

ಕೇಳುವುದಕ್ಕೆ ಬಹಳ ಸುಲಭವಿತ್ತು.

ಅಂಚಿನ ಅಂಗಿ

ಜೂಡೋಕ್ಕೆ ದಪ್ಪನೆಯ ಬಿಳಿ ಅಂಗಿ ಬೇಕು. ಹಿಡಿದು ಎಳೆದಾಡಿದರೂ ಹರಿಯಬಾರದು. ಹವಾಲ್ದಾರರ ಹತ್ತಿರ ಜಪಾನಿನಿಂದ ತಂದದ್ದೊಂದಿತ್ತು. ನಮಗೆಲ್ಲಿಂದ ತರಬೇಕು? ನೇಕಾರನೇ ಮುಂದಾದ. "ಊರೆಲ್ಲ ಮಗ್ಗ ಐತಿ, ಬಟ್ಟಿಗೆ ಚಿಂತಿ ಯಾಕ್ರಿ? ನಾ ನೇದು ಕೊಡ್ತೇನಿ."

ನೇದ. ದರ್ಜಿ ಹೊಲಿದು ತಂದ. ಬಿಚ್ಚಿ ನೋಡಿದರೆ ಬಟ್ಟೆ ಗಟ್ಟಿಮುಟ್ಟಾಗಿಯೇ ಇತ್ತು, ಆದರೆ ಎರಡೂ ತೋಳಿಗೆ ಕೆಂಪು ಅಂಚು, ಬೆನ್ನ ಮೇಲೆ ಅಂಗೈಯಗಲದ ಇಳಕಲ್ ಸೆರಗು!

"ಇದೇನೋ ಇದು?" ಎಂದರು ಹವಾಲ್ದಾರರು.

"ಏನ್ ಮಾಡ್ಲಿರಿ, ಅಂಚಿಲ್ಲದ ಬಟ್ಟಿ ನೇಯಾಕ ಕೂತರ ಕೈ ಒಲ್ಲೆ ಅಂತೈತ್ರಿ. ನಮ್ಮಜ್ಜ ನೇದಿಲ್ಲ, ಅವರಪ್ಪ ನೇದಿಲ್ಲ. ಸೆರಗಿಲ್ದ ಬಟ್ಟಿ ಮಗ್ಗದಿಂದ ಇಳಿಸಿದರ ಅಪಶಕುನ."

ಹವಾಲ್ದಾರರು ಅಂಗಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಅಡಿಗೆಮನೆ ಬಾಗಿಲಿಂದ ಅವರ ಹೆಂಡತಿ ಇಣುಕಿದರು.

"ಛಲೋ ಒಪ್ಪೇತಿ ಬಿಡ್ರಿ. ಇನ್ನ ಗುಳೇದಗುಡ್ಡದಿಂದ ಖಣಾ ಒಂದು ತರಿಸಿದರ ಕುಬಸಾನೂ ಹೊಲಿಸಬಹುದು."

ನಮಸ್ಕಾರದ ಏಟು

ಊರಿನ ಗರಡಿಮನೆಯ ಹಿರಿಯ ಪೈಲ್ವಾನರಿಗೆ ನಮ್ಮ ಹಿತ್ತಲಿನ ಸುದ್ದಿ ಹಿಡಿಸಲಿಲ್ಲ. "ಹನುಮಪ್ಪನ ಮಣ್ಣು ಬಿಟ್ಟು ಜಮಖಾನಿ ಮ್ಯಾಲೆ ಕುಸ್ತಿ ಏನು? ನಾ ಹೋಗಿ ಒಂದ ಸಲ ಎತ್ತಿ ಒಗದು ಬರ್ತೇನಿ, ತಣ್ಣಗಾಗ್ತಾರ," ಎಂದು ಪೇಟೆಯಲ್ಲೆಲ್ಲ ಹೇಳಿದರು. ಹೇಳಿದಂತೆ ಒಂದು ಸಂಜೆ ಬಂದೂಬಿಟ್ಟರು. ಹಿಂದೆ ಅರ್ಧ ಓಣಿ. ಬಾಗಿಲು ತುಂಬಿ ನಿಂತ ಆ ಆಕಾರ ನೋಡಿ ನಾನು ಜಮಖಾನೆಯ ಅಂಚಿಗೆ ಸರಿದೆ. ಹವಾಲ್ದಾರರು ಸೋತರೆ ನಮ್ಮ ಜೂಡೋ ಅವತ್ತೇ ಮುಗಿದಂತೆ.

ಪೈಲ್ವಾನರು ತೊಡೆ ತಟ್ಟಿದರು. ಜೂಡೋದಲ್ಲಿ ಕೈ ಹಚ್ಚುವ ಮೊದಲು ಎದುರಾಳಿಗೆ ಬಾಗಿ ವಂದಿಸುವುದು ಪದ್ಧತಿ. ಹವಾಲ್ದಾರರು ಎರಡೂ ಕೈ ತೊಡೆಗಿಟ್ಟು ಸೊಂಟದವರೆಗೆ ಬಾಗಿದರು.

ಪೈಲ್ವಾನರ ಮೇಲೆತ್ತಿದ ಕೈ ಅಲ್ಲೇ ನಿಂತಿತು. ನಿಧಾನಕ್ಕೆ ಇಳಿದು ಹವಾಲ್ದಾರರ ತಲೆಯ ಮೇಲೆ ಕೂತಿತು. "ನೂರು ವರ್ಷ ಬಾಳಪಾ!"

"ಪೈಲ್ವಾನ್ರ, ಇದು ಕುಸ್ತಿ ಶುರು ಆಗೋ ಮುಂಚೆ ಮಾಡೋ..."

"ಸಾಕು ಸಾಕು. ಕಾಲಿಗೆ ಬಿದ್ದಾವನ ಮ್ಯಾಲೆ ಕೈ ಮಾಡಿದರ ಹನುಮಪ್ಪ ನನ್ನ ಸುಮ್ಮನ ಬಿಡ್ತಾನೇನು?"

ಮರುದಿನದಿಂದ ಅವರೇ ಬಂದು ಕಟ್ಟೆಯ ಮೇಲೆ ಕೂತು ನೋಡತೊಡಗಿದರು. ಹವಾಲ್ದಾರರಿಗೆ ಮಾತ್ರ ಬಹಳ ದಿನ ಸಮಾಧಾನವಾಗಲಿಲ್ಲ. "ಗೆದ್ದೆನೋ ಸೋತೆನೋ, ನನಗ ತಿಳಿವಲ್ದು," ಎನ್ನುತ್ತಿದ್ದರು. "ಆಶೀರ್ವಾದಕ್ಕ ಜೂಡೋದಾಗ ಯಾವ ಪಟ್ಟೂ ಇಲ್ಲ."

ಬೀಳುವ ವಿದ್ಯೆ

ಜೂಡೋದಲ್ಲಿ ಮೊದಲು ಕಲಿಸುವುದು ಬೀಳುವುದನ್ನು. ತಲೆ ಒಳಗೆ ಹಾಕಿ, ಹೆಗಲ ಮೇಲೆ ಉರುಳಿ, ಅಂಗೈಯಿಂದ ನೆಲ ಬಡಿದು, ಹಾಗೇ ಎದ್ದು ನಿಲ್ಲಬೇಕು. ಒಂದು ಮಳೆಗಾಲವಿಡೀ ನಾನು ಬಿದ್ದದ್ದೇ ಬಿದ್ದದ್ದು. "ಬೀಳಾಕೂ ಗುರು ಬೇಕೇನ್ರಿ? ನಮ್ಮ ಎಮ್ಮಿ ತಾನ ಕಲ್ತೈತಿ," ಎಂದು ನೆರೆಮನೆಯ ಅಜ್ಜಿ ನಗುತ್ತಿದ್ದಳು.

ಒಮ್ಮೆ ಹುನಗುಂದಕ್ಕೆ ಬಸ್ಸಿನಲ್ಲಿ ಹೋಗಿದ್ದೆ. ನಿಲ್ಲುವ ಮೊದಲೇ ಇಳಿಯಲು ಹೋಗಿ ಧೋತರ ಕಾಲಿಗೆ ಸಿಕ್ಕಿತು. ಮುಂದಿನದೆಲ್ಲ ತಾನಾಗಿ ಆಯಿತು. ತಲೆ ಒಳಗೆ ಹೋಯಿತು, ಮೈ ಉರುಳಿತು, ಅಂಗೈ ಫಟ್ಟನೆ ನೆಲಕ್ಕೆ ಬಡಿಯಿತು, ನಾನು ನಿಂತಿದ್ದೆ! ಟೋಪಿ ಕೂಡ ಬಿದ್ದಿರಲಿಲ್ಲ. ನಿಲ್ದಾಣದ ಮಂದಿ ಚಪ್ಪಾಳೆ ಹೊಡೆದರು. ನಾನು ಧೂಳು ಜಾಡಿಸಿಕೊಂಡು ಗಂಭೀರವಾಗಿ ಹೊರಡುವಷ್ಟರಲ್ಲಿ ಕಂಡಕ್ಟರ್ ಕೂಗಿದ.

"ಮಾಸ್ತರ್ರ, ಇನ್ನೊಮ್ಮೆ ಬೀಳ್ರಿ! ಹಿಂದ ಕುಂತವರಿಗೆ ಕಾಣಲಿಲ್ಲಂತ!"

ಮರ್ಯಾದೆಯ ಆಸನ

ನನಗೆ ಹೆಣ್ಣು ನೋಡಲು ಬಾಗಲಕೋಟೆಗೆ ಹೋಗಬೇಕಾಯಿತು. ತಂದೆ ಇಲ್ಲದ ನನಗೆ ಹಿರಿಯರಾಗಿ ಹವಾಲ್ದಾರರೇ ಬಂದರು. ದಾರಿಯುದ್ದಕ್ಕೂ ಉಪದೇಶ. "ಚಕ್ಕಳಮಕ್ಕಳ ಹಾಕಬ್ಯಾಡ. ಮೊಳಕಾಲು ಮಡಚಿ ಹಿಮ್ಮಡದ ಮ್ಯಾಲೆ ಕುಂದರು. ಜಪಾನಿನಾಗ ಮರ್ಯಾದಿ ಇದ್ದವರು ಹಂಗ ಕುಂದರತಾರ."

ಕೂತೆ. ಹುಡುಗಿಯ ತಂದೆ ನಿವೃತ್ತ ಶಿಕ್ಷಕರು. ನಾನು ಇತಿಹಾಸದವನೆಂದು ತಿಳಿದದ್ದೇ ತಡ, ಪುಲಿಕೇಶಿಯ ಕಥೆ ಹಿಡಿದರು. ಅವಲಕ್ಕಿ ಬಂತು, ಹುಡುಗಿ ಬಂದು ಚಹಾ ಕೊಟ್ಟು ಕೂತಳು. ಪುಲಿಕೇಶಿ ಮಾತ್ರ ಇನ್ನೂ ನರ್ಮದೆ ಮುಟ್ಟಿರಲಿಲ್ಲ. ಅಷ್ಟರಲ್ಲಿ ನನ್ನ ಕಾಲೆರಡೂ ಜೋಮು ಹಿಡಿದು, ಇವೆಯೋ ಇಲ್ಲವೋ ತಿಳಿಯದಂತಾದವು. ಹುಡುಗಿ ಮನಸ್ಸಿಗೆ ಬಂದಿದ್ದಳು. ಅವಳೆದುರು ಕಾಲು ನೀಡುವುದು ಹೇಗೆ?

ಕೊನೆಗೆ ಹವಾಲ್ದಾರರು, "ಏಳಪಾ, ಹಿರಿಯರಿಗೆ ನಮಸ್ಕಾರ ಮಾಡು," ಎಂದರು. ಎದ್ದೆ. ಎದ್ದೆ ಎಂದುಕೊಂಡೆ, ಅಷ್ಟೆ. ಕಡಿದ ಬಾಳೆಯಂತೆ ಉದ್ದಕ್ಕೂ ಹುಡುಗಿಯ ತಂದೆಯ ಕಾಲ ಮೇಲೆ ಬಿದ್ದೆ. ಏಳಲಾಗದೆ ಹಾಗೇ ಮಲಗಿದ್ದೆ.

ಅವರ ಕಣ್ಣು ತುಂಬಿ ಬಂತು. "ಈ ಕಾಲದಾಗ ಹಿರಿಯರಿಗೆ ದೀರ್ಘದಂಡ ಹಾಕೋ ಹುಡುಗ ಎಲ್ಲಿ ಸಿಗ್ತಾನ್ರಿ? ಮಗಳನ್ನ ಕೊಟ್ಟೆ!" ಹುಡುಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. ಎಷ್ಟು ನಾಚಿಕೆ ಪಾಪ, ಎಂದುಕೊಂಡೆ.

ಮದುವೆಯಾದ ಮೇಲೆ ಒಮ್ಮೆ ಹೆಮ್ಮೆಯಿಂದ ಅದನ್ನು ನೆನಪಿಸಿದೆ. "ನಾಚಿಕಿ ಎಲ್ಲೀದ್ರಿ?" ಎಂದಳು. "ನಿಮ್ಮ ಕಾಲು ಜೋಮು ಹಿಡದದ್ದು ನನಗ ಚಹಾ ಕೊಡೂವಾಗನ ಗೊತ್ತಾಗಿತ್ತು. ನಗೂ ತಡೀಲಾರದ ಓಡಿದೆ."

ದೂರದೇಶದ ಗಣಪ್ಪ

ಜಪಾನಿನ ವಯಸ್ಸಾದ ಪ್ರೊಫೆಸರೊಬ್ಬರು ಬಾದಾಮಿಯ ಗುಹೆಗಳನ್ನು ನೋಡಲು ಬಂದರು. ಅಲ್ಲಿಯ ಶಾಲೆಯ ಹೆಡ್‌ಮಾಸ್ತರರು, "ದುಭಾಷಿ ಬೇಕು, ಬೇಗ ಬರ್ರಿ," ಎಂದು ಹವಾಲ್ದಾರರಿಗೆ ಹೇಳಿಕಳಿಸಿದರು. ಅವರ ಬೆನ್ನಿಗೆ ನಾನು, ನೇಕಾರ, ಪೈಲ್ವಾನರು ಎಲ್ಲ ಹೊರಟೆವು.

ಮೊದಲ ಗುಹೆಯಲ್ಲಿ ನಟರಾಜನ ಪಕ್ಕದ ಪುಟ್ಟ ಗಣಪತಿಯನ್ನು ಕಂಡು ಪ್ರೊಫೆಸರರ ಮುಖ ಅರಳಿತು. ಹವಾಲ್ದಾರರು ಅವರ ಮಾತನ್ನು ಬಿಡಿಸಿ ಹೇಳಿದರು. "ಗಣಪ್ಪ ಅವರ ದೇಶದಾಗೂ ಅದಾನಂತ. ಸರಸ್ವತೀನೂ ಅದಾಳಂತ."

ಪೈಲ್ವಾನರಿಗೆ ಆನಂದವೋ ಆನಂದ. "ಹೌದ? ಅಲ್ಲಿ ಅವಗ ಕಡಬು ಯಾರು ಮಾಡಿ ಹಾಕ್ತಾರ, ಕೇಳ್ರಿ."

ಕೇಳಿದರು. "ಅಲ್ಲಿ ಮೂಲಂಗಿ ಏರಸ್ತಾರಂತ."

ಪೈಲ್ವಾನರ ಮುಖ ಬಾಡಿತು. ಗಣಪತಿಯ ಹೊಟ್ಟೆಯನ್ನೇ ದಿಟ್ಟಿಸಿ ನಿಟ್ಟುಸಿರು ಬಿಟ್ಟರು. "ಪಾಪ ನನ್ನಪ್ಪ! ಅಷ್ಟು ದೂರ ಮೂಲಂಗಿ ತಿನ್ನಾಕ ಯಾಕ ಹೋದೆಪಾ?"

ಮತ್ತೆ! ಮತ್ತೆ!

ನಾವು ಜೂಡೋ ಆಡುತ್ತೇವೆಂದು ತಿಳಿದು ಪ್ರೊಫೆಸರರು ನೋಡಲೇಬೇಕೆಂದರು. ತಾರುಣ್ಯದಲ್ಲಿ ಅವರೂ ಆಡಿದವರಂತೆ. ಸಂಜೆ ಅಗಸ್ತ್ಯ ತೀರ್ಥದ ಕೆರೆ ದಂಡೆಯ ಮರಳಿನ ಮೇಲೆ ನಾನೂ ನೇಕಾರನೂ ಇಳಿದೆವು. ಊರ ಮಂದಿ ಸುತ್ತ ನೆರೆದರು. ಪಂಚರಾಗಿ ಸ್ವತಃ ಪ್ರೊಫೆಸರರೇ ನಿಂತರು.

ನೇಕಾರ ಬಂದವನೇ ನನ್ನನ್ನು ಎತ್ತಿ ಒಗೆದ. ಪ್ರೊಫೆಸರರು ಕೈ ಮುಂದೆ ಮಾಡಿ ಕೂಗಿದರು, "ಮತ್ತೆ!"

ನೇಕಾರ ಅವರ ಮುಖ ನೋಡಿದ. ಹಿರಿಯರು ಕೇಳಿದ ಮೇಲೆ ಇಲ್ಲ ಅನ್ನುವುದು ಹೇಗೆ? ನನ್ನನ್ನು ಎಬ್ಬಿಸಿ ಮತ್ತೆ ಒಗೆದ.

"ಮತ್ತೆ! ಮತ್ತೆ!" ಪ್ರೊಫೆಸರರು ಗಾಬರಿಯಿಂದ ಇನ್ನೂ ಜೋರಾಗಿ ಕೂಗಿದರು. ಅವನು ಇನ್ನೂ ಜೋರಾಗಿ ಒಗೆದ. ಮಂದಿಗೂ ಹುರುಪು ಬಂದು, "ಮತ್ತೆ! ಮತ್ತೆ!" ಎಂದು ಗದ್ದಲ ಎಬ್ಬಿಸಿದರು. ಪೈಲ್ವಾನರು ಪಕ್ಕದವರಿಗೆ ಹೇಳುತ್ತಿದ್ದರು. "ನಮ್ಮಂಗ 'ಮತ್ತ' ಅನ್ನಂಗಿಲ್ಲ ನೋಡ್ರಿ, 'ಮತ್ತೆ' ಅಂತಾನ. ಜಪಾನಿನಾಗ ಮೈಸೂರು ಕಡಿ ಕನ್ನಡ ಕಲಸ್ತಾರ ಕಾಣಸ್ತೈತಿ!"

ಹವಾಲ್ದಾರರೋ, ಹೊಟ್ಟೆ ಹಿಡಿದುಕೊಂಡು ಕಲ್ಲಿನ ಮೇಲೆ ಕೂತುಬಿಟ್ಟಿದ್ದರು. ನಗುವಿನಲ್ಲಿ ಬಾಯಿಂದ ಮಾತೇ ಹೊರಡದು. ಕಡೆಗೂ ಹೇಗೋ ಉಸಿರೆಳೆದು, "ಬಸ್! ಬಸ್ ಮಾಡಲೇ!" ಎಂದರು. ಹಿತ್ತಲಲ್ಲಿ ಅವರು ನಮಗೆ ಪಲ್ಟನ್ನಿನ ಮಾತಿನಲ್ಲಿ 'ಶುರು', 'ಬಸ್' ಎಂದಷ್ಟೇ ಹೇಳುತ್ತಿದ್ದರು. ಜಪಾನಿ ಭಾಷೆಯಲ್ಲಿ 'ಮತ್ತೆ' ಎಂದರೆ 'ನಿಲ್ಲು' ಎಂದು ನಮಗೇನು ಗೊತ್ತು?

ನೇಕಾರ ನನ್ನ ಮೈಮೇಲಿನ ಮರಳು ಒರೆಸುತ್ತ, "ಸಿಟ್ಟಾಗಬ್ಯಾಡ್ರಿ ಮಾಸ್ತರ್ರ. ಮುದುಕಗ ನೀವು ಬೀಳೂದು ಭಾಳ ಸೇರೇತಿ ಅಂತ ತಿಳದೆ," ಎಂದ.

ಇಷ್ಟಕ್ಕೇ ಮುಗಿಯಲಿಲ್ಲ. ಅಂದೇ ಪ್ರೊಫೆಸರರನ್ನು ಗಾಡಿ ಹತ್ತಿಸಲು ಸ್ಟೇಶನ್ನಿಗೆ ಹೋದೆವು. ಹವಾಲ್ದಾರರು ಸಾಮಾನು ಒಳಗಿಡುತ್ತಿದ್ದರು. ಪ್ರೊಫೆಸರರು ಮೆಟ್ಟಿಲ ಮೇಲೆ ಒಂದು ಕಾಲಿಟ್ಟಾಗ ಹೆಡ್‌ಮಾಸ್ತರರು ಕೈ ಜೋಡಿಸಿ ತುಂಬು ಅಭಿಮಾನದಿಂದ, "ಮತ್ತೆ ಬನ್ನಿ! ಮತ್ತೆ ಬನ್ನಿ!" ಎಂದರು. ಪ್ರೊಫೆಸರರು ಇಟ್ಟ ಕಾಲು ತೆಗೆದು ನೆಟ್ಟಗೆ ನಿಂತರು. ಗಾಡಿ ಸೀಟಿ ಊದಿತು. ಹೆಡ್‌ಮಾಸ್ತರರ ಅಭಿಮಾನ ಇಳಿಯಲಿಲ್ಲ. "ಮತ್ತೆ ಬನ್ನಿ!" ಗಾಡಿ ಹೊರಟಿತು. ಹವಾಲ್ದಾರರು ಪೆಟ್ಟಿಗೆಯೊಂದಿಗೆ ಕೆಳಗೆ ಹಾರಿದರು. ಅತಿಥಿಗಳು ಬಾದಾಮಿಯಲ್ಲೇ ಉಳಿದರು.

ಆ ರಾತ್ರಿ ಹೆಡ್‌ಮಾಸ್ತರರ ಮನೆಯಲ್ಲಿ ರೊಟ್ಟಿ ಊಟದ ನಡುವೆ ಹವಾಲ್ದಾರರು ಎರಡೂ 'ಮತ್ತೆ'ಗಳ ಅರ್ಥ ಬಿಡಿಸಿದಾಗ ಪ್ರೊಫೆಸರರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

ಮರುದಿನ ಸ್ಟೇಶನ್ನಿನಲ್ಲಿ ಹವಾಲ್ದಾರರದು ಕಟ್ಟಾಜ್ಞೆ. "ಯಾರೂ ಪಿಟ್ಟನ್ನಬಾರದು!" ಎಲ್ಲರೂ ಬಾಯಿ ಬಿಗಿದು ಕೈ ಮುಗಿದು ನಿಂತೆವು. ಪ್ರೊಫೆಸರರು ಹತ್ತಿದರು, ಗಾಡಿ ಅಲುಗಿತು. ನಾವು ಉಸಿರು ಬಿಡುವಷ್ಟರಲ್ಲಿ ಕಿಟಕಿಯಿಂದ ಅವರ ತಲೆ ಹೊರಗೆ ಬಂತು. ಕೈ ಬೀಸುತ್ತ, ಕಂಠವೆತ್ತಿ ಕೂಗಿದರು. "ಮತ್ತೆ! ಮತ್ತೆ!"

ಹೆಡ್‌ಮಾಸ್ತರರು ಬೆವೆತುಹೋದರು. "ಹವಾಲ್ದಾರ್ರ, ಗಾಡಿ ನಿಲ್ಲಸು ಅಂತಾರೋ, ಮತ್ತ ಬರ್ತೇನಿ ಅಂತಾರೋ?"

ಹವಾಲ್ದಾರರಿಗೂ ತಿಳಿಯಲಿಲ್ಲ. ಪಕ್ಕದಲ್ಲಿ ಹಸಿರು ನಿಶಾನೆ ಸುತ್ತುತ್ತಿದ್ದ ಸ್ಟೇಶನ್ ಮಾಸ್ತರರು ತಣ್ಣಗೆ ಹೇಳಿದರು.

"ಏನರ ಅನ್ನಲಿ ಬಿಡ್ರಿ. ನನ್ನ ಗಾಡಿಗೆ ಎರಡೂ ಭಾಷಾ ಬರಂಗಿಲ್ಲ."