ಕಲ್ಯಾಣದುರ್ಗಕ್ಕೆ ಹೋದ ಗೋಲ್‌ಕೀಪರಿನ ಅಪ್ಪ

ಉಮಾಶಂಕರನನ್ನು ಒಂದು ದಿನದ ಮಟ್ಟಿಗೆ ಊರು ಬಿಡಿಸಬೇಕೆಂದು ಹಿಂದೂಪುರದ ನೇಕಾರರ ಬೀದಿ ತೀರ್ಮಾನಿಸಿದಾಗ ಅವನು ಇನ್ನೂ ಹಲ್ಲುಜ್ಜುತ್ತಿದ್ದ.

ಅವನ ತಪ್ಪು ಇಷ್ಟೇ: ಮಗಳ ತಂಡದ ಎರಡು ಪಂದ್ಯಗಳನ್ನೂ ಟೀವಿಯಲ್ಲಿ ನೋಡಿದ್ದ. ಮಗಳು ಕೀರ್ತನಾ ಹದಿನೇಳರೊಳಗಿನ ಹುಡುಗಿಯರ ಭಾರತ ಫುಟ್‌ಬಾಲ್ ತಂಡದ ಎರಡನೇ ಗೋಲ್‌ಕೀಪರ್. ಏಷ್ಯಾ ಟೂರ್ನಿಗೆ ಚೀಟಿ ಎತ್ತಿದಾಗ ಭಾರತದ ಗುಂಪಿಗೆ ಬಿದ್ದವರು ಜಪಾನ್, ಕೊರಿಯಾ, ಆಸ್ಟ್ರೇಲಿಯಾ. ಕುರಿಮರಿಯನ್ನು ಮೂರು ತೋಳಗಳ ಜೊತೆ ಒಂದೇ ಗೂಟಕ್ಕೆ ಕಟ್ಟಿದ ಹಾಗೆ. ಜಪಾನ್ ಆರು ಗೋಲು ಹೊಡೆಯಿತು, ಕೊರಿಯಾ ನಾಲ್ಕು. ಎರಡೂ ದಿನ ಕೀರ್ತನಾ ಹೊರಗಿನ ಬೆಂಚಿನಲ್ಲೇ ಇದ್ದಳು. ಕ್ಯಾಮೆರಾ ಅವಳ ಮೇಲೆ ಹಾದುಹೋಗುವ ಎರಡು ಸೆಕೆಂಡಿಗಾಗಿ ಉಮಾಶಂಕರ ಮಗ್ಗ ನಿಲ್ಲಿಸಿ ಹೆಚ್ಚುಕಡಿಮೆ ತೊಂಬತ್ತು ನಿಮಿಷವೂ ಕೂತಿದ್ದ.

ಪಕ್ಕದ ಮನೆಯ ನರಸಿಂಹಪ್ಪ ರಿಟೈರಾದ ಬಸ್ ಕಂಡಕ್ಟರ್; ಕೂತವರನ್ನು, ಎದ್ದವರನ್ನು ಗಮನಿಸುವುದು ಅವನಿಗೆ ಹಳೇ ಚಾಳಿ.

"ಕೊರಿಯಾ ಮ್ಯಾಚ್ನಾಗೆ ನೀನು ಹಿತ್ಲಿಗೆ ಹೋಗಿದ್ದೆ ನೋಡು, ಆ ಹತ್ತು ನಿಮಿಷ ಒಂದು ಗೋಲೂ ಬೀಳ್ಲಿಲ್ಲ. ಬಂದ್ ಕುಂತೆ, ಎರಡು ಬಿದ್ಬುಟ್ವು! ನಿನ್ ಕಣ್ಣು ಸರಿಯಿಲ್ಲ ಕಣಪ್ಪ. ಇವತ್ತು ಆಸ್ಟ್ರೇಲಿಯಾನ ಗೆದ್ರೆ ಮುಂದಿನ ಸುತ್ತಿಗೆ ಹೋಗೋ ಆಸೆ ಐತೆ. ನೀನು ನೋಡ್ಬ್ಯಾಡ."

"ನನ್ ಮಗಳನ್ನ ನಾನು ನೋಡ್ಬಾರ್ದಾ ಮಾವ?"

"ಅವಳೇನು ಆಡ್ತಾಳಾ?" ಎದುರು ಮನೆಯ ವೀರಭದ್ರಮ್ಮ ಕೂಗಿದಳು. "ಬೆಂಚಿನ್ ಮ್ಯಾಲೆ ಕುಂತಿರೋದ್ನ ಏನು ನೋಡ್ತೀಯ!"

ಅವನು ಹೆಂಡತಿ ತ್ರಿವೇಣಿಯ ಕಡೆ ತಿರುಗಿದ. ಅವಳು ನೆಲ ನೋಡುತ್ತ, "ಒಂದಿನ ತಾನೇ? ನಿಮ್ಮ ಅಕ್ಕನ ಮನೆಗೆ ಹೋಗ್ಬನ್ನಿ. ಮಗು ಗೆದ್ಕೊಂಡು ಬರ್ಲಿ" ಎಂದಳು.

ಅಕ್ಕ ಸಣ್ಣಕ್ಕ ಇದ್ದದ್ದು ಕಲ್ಯಾಣದುರ್ಗದಲ್ಲಿ. ಅವಳ ಟೀವಿ ಸಿಡಿಲಿಗೆ ಸುಟ್ಟು ನಾಲ್ಕು ವರ್ಷವಾಗಿತ್ತು. ನರಸಿಂಹಪ್ಪನೇ ಬಸ್ ಹತ್ತಿಸಿದ, ಫೋನು ಕಿತ್ತುಕೊಂಡ, ಕಂಡಕ್ಟರನ ಕಿವಿಯಲ್ಲಿ ವಿಷಯ ಊದಿದ. ಕಂಡಕ್ಟರ್ ಬಸ್ಸಿಗೆಲ್ಲ ಕೇಳುವಂತೆ, "ಈ ಸಾರ್‌ಕಿ ಎವರೂ ಸ್ಕೋರ್ ಚೆಪ್ಪೊದ್ದು!" ಎಂದು, ಇವರಿಗೆ ಯಾರೂ ಸ್ಕೋರ್ ಹೇಳಕೂಡದೆಂದು, ತೆಲುಗಿನಲ್ಲಿ ಸಾರಿದ. ಪಕ್ಕದ ಸೀಟಿನ ಅಜ್ಜಿ ಉಮಾಶಂಕರನನ್ನೊಮ್ಮೆ ನೋಡಿ, ತನ್ನ ಮೊಟ್ಟೆ ಬುಟ್ಟಿಯ ಮೇಲೆ ಸೆರಗು ಎಳೆದಳು.

ಪಾವಗಡದಲ್ಲಿ ಬಸ್ಸು ಟೀಗೆ ನಿಂತಿತು. ಟೀ ಲೋಟ ತುಟಿಗೆ ತಾಗುವುದರೊಳಗೆ ಅಂಗಡಿಯ ಟೀವಿಯಲ್ಲಿ ಹಸಿರು ಮೈದಾನ ಕಾಣಿಸಿತು. ಉಮಾಶಂಕರ ಹಾವು ತುಳಿದವನಂತೆ ಹಿಂದಕ್ಕೆ ನೆಗೆದ. ಟೀ ಹೋಗಿ ಯಾರದೋ ಬಿಳಿ ಪಂಚೆಯ ಮೇಲೆ ಬಿತ್ತು.

"ಬನ್ನಿ ಸಾರ್, ನಮ್ ಹುಡುಗೀರು ಆಡ್ತವ್ರೆ!" ಅಂಗಡಿಯವನು ಕರೆದ.

"ಬ್ಯಾಡಪ್ಪ! ನಾನು ನೋಡಿದ್ರೆ ಸೋತೋಯ್ತಾರೆ!"

ಪಂಚೆಯವನ ಬೈಗುಳ ಬೆನ್ನಿಗಿರುವಾಗಲೇ ಓಡಿ ಬಸ್ಸು ಹತ್ತಿ, ಎರಡೂ ಕಿವಿಗೆ ಬೆರಳು ತುರುಕಿ, ಕಣ್ಣು ಮುಚ್ಚಿ ಕೂತ. ಬೆರಳ ಸಂದಿಯಿಂದಲೂ ಅಂಗಡಿಯ ಒಂದು ದೊಡ್ಡ ಕೂಗು ನುಗ್ಗಿತು. ಯಾರ ಪಾಲಿನ ಕೂಗೋ ಎಂದು ಹೆದರಿ ಬೆರಳನ್ನು ಇನ್ನಷ್ಟು ಒತ್ತಿದ.

ಕಲ್ಯಾಣದುರ್ಗದಲ್ಲಿ ಸಣ್ಣಕ್ಕ ಫೋನು ಹಿಡಿದೇ ಬಾಗಿಲಲ್ಲಿ ನಿಂತಿದ್ದಳು. ಆ ಕಡೆ ನರಸಿಂಹಪ್ಪ.

"ಗೆದ್ವಿ ಕಣಪ್ಪ! ಒಂದು ಸೊನ್ನೆ! ಮೊದಲ್ನೇ ಗೋಲ್‌ಕೀಪರ್ ಕಾಲು ಉಳುಕಿಸ್ಕೊಂಡ್ಲು, ನಿನ್ ಮಗಳು ಇಳಿದ್ಲು. ಕೊನೇ ನಿಮಿಷದ ಪೆನಾಲ್ಟಿ ತಡೆದ್ಬುಟ್ಲು!"

ಉಮಾಶಂಕರ ಚಪ್ಪಲಿ ಬಿಡದೆ ಹೊಸ್ತಿಲ ಮೇಲೇ ಕೂತ.

"ಆದ್ರೂ ಮುಂದಿನ ಸುತ್ತಿಲ್ಲ ಕಣಪ್ಪ," ನರಸಿಂಹಪ್ಪನ ದನಿ ಇಳಿಯಿತು. "ಪಾಯಿಂಟ್ ಸಮ ಆದ್ವು, ಗೋಲಿನ ಲೆಕ್ಕದಾಗೆ ಮೊದಲ್ನೇ ಎರಡು ಮ್ಯಾಚಿನ ಆ ಹತ್ತು ಗೋಲು ಅಡ್ಡ ಬಂದ್ವು. ಅವೆರಡೂ ನೀನು ನೋಡಿದ್ವು. ಬೀದಿಯೋರೆಲ್ಲ ಬೇಜಾರಾಗವ್ರೆ. ಎರಡು ದಿನ ಅಲ್ಲೇ ಇದ್ದು ಬಾ."

ಫೋನು ಇಟ್ಟನೋ ಇಲ್ಲವೋ, ಮತ್ತೆ ಹೊಡೆದುಕೊಂಡಿತು. ಕೀರ್ತನಾ. ಕೂಗಿ ಕೂಗಿ ಗಂಟಲು ಕಟ್ಟಿತ್ತು.

"ಅಪ್ಪಾ, ಅತ್ತೆ ಮನೇಲಿದೀಯ ಅಂತ ಅಮ್ಮ ಅಂದ್ಲು. ಅಲ್ಲಿ ಟೀವಿ ಇಲ್ವಲ್ಲ! ನೋಡಿದ್ಯಾ?"

"ಪಕ್ಕದ ಮನೇಲಿ ನೋಡ್ದೆ ಕಣಮ್ಮ. ಪೂರ್ತಿ ನೋಡ್ದೆ."

"ಪೆನಾಲ್ಟಿನೂ?"

"ಅಬ್ಬಬ್ಬಾ! ಎಡಗಡೆಗೆ ಏನು ಹಾರಿದ್ಯೇ ತಾಯಿ! ಹುಲಿ ಹಾರ್ದಂಗೆ!"



"ನಾನು ಹಾರ್ಲಿಲ್ಲ ಅಪ್ಪ," ಎಂದಳು ಮೆಲ್ಲಗೆ. "ಭಯಕ್ಕೆ ಕಾಲೇ ಕಿತ್ತಿಡಾಕೆ ಆಗ್ಲಿಲ್ಲ. ಅಲ್ಲೇ ನಿಂತಿದ್ದೆ. ಬಾಲೇ ಬಂದು ಎದೆಗೆ ಬಡೀತು."

ಉಮಾಶಂಕರ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ.

ಕೀರ್ತನಾಳೇ ಕೇಳಿದಳು: "ಉಂಡ್ಯಾ ಅಪ್ಪ?"

ಬೆಳಗಿನಿಂದ ಅವನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ.

"ಉಂಡೆ ಕಣಮ್ಮ" ಎಂದ.