ಕಾರ್ ಶೆಡ್ಡಿನ ಗೃಹಪ್ರವೇಶ

ಬೇಡವಾದ ಸಾಮಾನನ್ನು ಎಸೆಯಲಾರದವನಿಗೆ ನಮ್ಮಲ್ಲಿ ಒಳ್ಳೊಳ್ಳೆಯ ಹೆಸರುಗಳಿವೆ. ಜೋಪಾನದವನು, ಹಿಡಿತದ ಮನುಷ್ಯ, ವಸ್ತುವಿನ ಬೆಲೆ ಬಲ್ಲವನು. ನನ್ನ ಹೆಂಡತಿ ಸುಮಿತ್ರಾ ಇವುಗಳಲ್ಲಿ ಒಂದನ್ನೂ ನನಗೆ ಬಳಸಿದವಳಲ್ಲ. ಶಿವಾಜಿನಗರದ ಗುಜರಿ ಅಂಗಡಿಯವನಿಗಾದರೂ ಸಾಮಾನನ್ನು ಹೊರಗೆ ಕಳಿಸುವ ಅಭ್ಯಾಸವಿದೆ, ನಿಮಗೆ ಅದೂ ಇಲ್ಲ ಎನ್ನುತ್ತಾಳೆ. ಜಾರು ಒಡೆದ ಮಿಕ್ಸಿ, ಇನ್ಯಾವುದೋ ಮಿಕ್ಸಿಯ ಜಾರು, ಮೂರು ಕಾಲಿನ ಕುರ್ಚಿ, ಯಾವ ಬೀಗದ್ದೆಂದು ಯಾರಿಗೂ ತಿಳಿಯದ ಒಂದು ಡಬ್ಬಿ ಬೀಗದ ಕೈ, ಇವೆಲ್ಲ ಮುಂದೊಂದು ದಿನ ಬೇಕಾಗುತ್ತವೆ ಎಂಬ ನಂಬಿಕೆಯಲ್ಲೇ ನನ್ನ ಅರ್ಧ ಆಯುಸ್ಸು ಕಳೆದಿದೆ. ಆ ದಿನ ಇನ್ನೂ ಬಂದಿಲ್ಲ, ಅಷ್ಟೆ.

ಹಲಸೂರಿನ ಗಲ್ಲಿಯೊಂದರಲ್ಲಿ ನಾವು ಹಳೆಯ ಮನೆ ಕೊಂಡಾಗ ಅದರ ಜೊತೆಗೆ ಒಂದು ಕಾರ್ ಶೆಡ್ಡೂ ಬಂತು. ಶೆಡ್ಡು ಅನ್ನುವುದು ಮರ್ಯಾದೆಗೆ. ತಗಡಿನ ಸೂರು ತೂತುಬಿದ್ದು ಹೊರಗಿಗಿಂತ ಒಳಗೇ ಜೋರು ಮಳೆ. ಬಾಗಿಲು ಗೋಡೆಗೆ ಒರಗಿತ್ತು, ಗೋಡೆ ಬಾಗಿಲಿಗೆ ಒರಗಿತ್ತು, ಯಾರು ಯಾರನ್ನು ಹಿಡಿದಿದ್ದರೋ ತಿಳಿಯದು. ಸೋರುವ ಅಡುಗೆಮನೆ, ತೇವದ ಗೋಡೆ ಎಲ್ಲ ರಿಪೇರಿಗೆ ಕಾದಿದ್ದರೂ ನಾನು ಮೊದಲು ಒಡೆಸಿ ಹೊಸದಾಗಿ ಕಟ್ಟಿಸಿದ್ದು ಶೆಡ್ಡನ್ನೇ. ಕಾರಣ, ಮಂಚದ ಕೆಳಗಿನ ನನ್ನ ಆಸ್ತಿ ದಸರೆಯೊಳಗೆ ಜಾಗ ಖಾಲಿ ಮಾಡದಿದ್ದರೆ ಎಲ್ಲವೂ ಗುಜರಿಗೆ ಎಂದು ಸುಮಿತ್ರಾ ತೀರ್ಪು ಕೊಟ್ಟಿದ್ದಳು. ಅರ್ಧ ಎಸೆದರೆ ಒಂದು ಗೋಡೆಗೆ ಸಣ್ಣ ಶೆಲ್ಫು ಸಾಕು ಎಂಬುದು ಅವಳ ಲೆಕ್ಕ. ಏನೂ ಎಸೆಯದೆ ಎರಡೂ ಗೋಡೆಗೆ ಸೂರಿನವರೆಗೆ ಶೆಲ್ಫು ಎಂಬುದು ನನ್ನದು.

ಕಬ್ಬಿಣದ ಶೆಲ್ಫು ಮಾಡಲು ಶಿವಾಜಿನಗರದಿಂದ ನಯಾಜ್ ಬಂದ. ಯಾರಿಗೂ 'ಆಗಲ್ಲ' ಅನ್ನದ ಪುಣ್ಯಾತ್ಮ. ನಾನು ಬಂದಾಗಲೆಲ್ಲ ಶೆಲ್ಫು ಇನ್ನೊಂಚೂರು ಅಗಲ ಇರಲಿ ಅನ್ನುವುದು, ಅವನು ಆಗ್ತದೆ ಸಾರ್ ಅನ್ನುವುದು. ಕೊನೆಗೆ ಕಾರಿಗೆ ಜಾಗ ಉಳಿದೀತೇ ಎಂಬ ಅನುಮಾನ ಬಂದು ಇಬ್ಬರೂ ಟೇಪು ಹಿಡಿದು, ಕಾರಿನ ಪಕ್ಕದ ಕನ್ನಡಿಗಳನ್ನು ಮಡಚಿ ಅಳೆದೆವು. "ಟೆನ್ಷನ್ ಬೇಡ ಸಾರ್, ಗಾಡಿ ಫಸ್ಟ್ ಕ್ಲಾಸಾಗಿ ಕೂತ್ಕೊಳ್ತದೆ" ಅಂದ. ಇಂದಿರಾನಗರದ ಬಂಗಲೆಯವರೇ ಕಾರನ್ನು ರಸ್ತೆಯಲ್ಲಿ ನಿಲ್ಲಿಸಿ, ಆ ಜಾಗಕ್ಕೆ ಹೂಕುಂಡ ಕಾವಲಿಡುತ್ತಾರೆ, ನನ್ನ ಕಾರು ಮಾತ್ರ ರಾಜನ ಹಾಗೆ ಒಳಗಿರುತ್ತದೆ ಎಂದು ಗಲ್ಲಿಯಲ್ಲೆಲ್ಲ ಕೊಚ್ಚಿಕೊಂಡು ಬಂದೆ.

ಭಾನುವಾರ ಸಂಜೆ, ರಾಹುಕಾಲಕ್ಕೆ ಮುಂಚೆ ಕಾರು ಒಳಗೆ ಹೋಗಬೇಕೆಂದು ನಮ್ಮತ್ತೆ ಮುಹೂರ್ತ ಇಟ್ಟರು. ಅಕ್ಕಪಕ್ಕದವರನ್ನೆಲ್ಲ, ಜೊತೆಗೆ ನಯಾಜನನ್ನೂ ಕೇಸರಿಬಾತಿಗೆ ಕರೆದಿದ್ದೆ. ಬಂದವರಿಗೆಲ್ಲ ತುಂಬಿದ ಶೆಲ್ಫುಗಳನ್ನು ತೋರಿಸಿ ವ್ಯಾಖ್ಯಾನ ಮಾಡುವುದರಲ್ಲೇ ಹೊತ್ತು ಹೋಯಿತು. ಅತ್ತೆ ಗದರಿದ ಮೇಲೆ ಸ್ಟಿಯರಿಂಗ್ ಹಿಡಿದೆ. ಚಕ್ರದಡಿಯ ನಿಂಬೆಹಣ್ಣು ಪಚಕ್ಕೆಂದಿತು, ಕಾರು ಒಂದು ಗೀರೂ ಬೀಳದೆ ಒಳಗೆ ಕೂತಿತು, ಜನ ಚಪ್ಪಾಳೆ ತಟ್ಟಿದರು. ಎಂಜಿನ್ ಆರಿಸಿ ಬಾಗಿಲು ತೆಗೆದೆ. ಬೆರಳು ತೂರುವಷ್ಟು ತೆರೆದು ಶೆಲ್ಫಿಗೆ ಟಕ್ ಅಂದಿತು. ಆ ಕಡೆಯ ಬಾಗಿಲೂ ಟಕ್. ನಾವು ಕಾರನ್ನು ಚೆನ್ನಾಗಿಯೇ ಅಳೆದಿದ್ದೆವು. ಅದರೊಳಗೆ ಒಬ್ಬ ಮನುಷ್ಯನಿರುತ್ತಾನೆ, ಅವನು ಯಾವಾಗಲಾದರೂ ಇಳಿಯುತ್ತಾನೆ ಎಂಬುದು ಇಬ್ಬರಿಗೂ ಹೊಳೆದಿರಲಿಲ್ಲ.

ಇದ್ದ ಮಾನವನ್ನಾದರೂ ಉಳಿಸಿಕೊಳ್ಳೋಣವೆಂದು ರಿವರ್ಸ್ ಹಾಕಲು ಹೋದರೆ ಅತ್ತೆ ಹಿಂದೆ ಕೈ ಅಡ್ಡ ಹಿಡಿದು ನಿಂತರು. ರಾಹುಕಾಲ ಶುರುವಾಗಿಬಿಟ್ಟಿತ್ತು. ಪೂಜೆ ಮಾಡಿ ಒಳಗೆ ಕರೆದುಕೊಂಡ ಗಾಡಿಯನ್ನು ಆ ಹೊತ್ತಿನಲ್ಲಿ ಯಾರಾದರೂ ಹೊರಡಿಸುತ್ತಾರೆಯೇ?

"ಒಂದೂವರೆ ಗಂಟೆ ತಾನೇ ಅಳಿಯಂದ್ರೇ, ಅಲ್ಲೇ ಆರಾಮಾಗಿ ಕೂತಿರಿ" ಅಂದರು.

ಕೂತೆ. ಕೇಸರಿಬಾತ್ ಹಿಂದಿನ ಕಿಟಕಿಯಿಂದ ಕೈಯಿಂದ ಕೈಗೆ ದಾಟಿ ಬಂತು. ನೆರೆಯವರು ಸರದಿಯಲ್ಲಿ ಬಂದು ಕಾರಿನ ಹಿಂದಿನ ಗಾಜಿನಿಂದ ನನ್ನನ್ನು ನೋಡಿಕೊಂಡು, ಮಕ್ಕಳಿಗೂ ತೋರಿಸಿ ಹೋದರು. ನಯಾಜ್ ಮಾತ್ರ, ಗಾಡಿ ಕೂತಿದೆಯಲ್ಲ ಸಾರ್, ಅರ್ಧ ಸಾಮಾನು ತೆಗೆದರೆ ಶೆಲ್ಫು ಕತ್ತರಿಸಿಕೊಡ್ತೀನಿ ಎಂದು ಸಮಾಧಾನ ಹೇಳಿದ. ಎಲ್ಲರೂ ಹೋದ ಮೇಲೆ ಸುಮಿತ್ರಾ ಬಂದಳು. ಎಡಗಡೆಯ ಶೆಲ್ಫು ನೋಡಿದಳು, ಬಲಗಡೆಯದು ನೋಡಿದಳು, ನಡುವೆ ನನ್ನನ್ನು ನೋಡಿದಳು.

"ಸಾಮಾನೆಲ್ಲ ಒಳಗೆ ಬಂತು ತಾನೇ? ಶಟರ್ ಎಳೀಲಾ?"

ನಿಜವಾಗಿಯೂ ನಾಚಿಕೆಯಾಯಿತು. ಇಕ್ಕೆಲದಲ್ಲೂ ನನ್ನ ಆಸ್ತಿಯನ್ನು ಅಷ್ಟು ಹತ್ತಿರದಿಂದ ನಾನು ಎಂದೂ ನೋಡಿರಲಿಲ್ಲ. ಇಷ್ಟನ್ನೆಲ್ಲ ಒಂದೇ ಸೂರಿನಡಿ ಇಟ್ಟುಕೊಳ್ಳಲಾಗದು, ಏನನ್ನಾದರೂ ಬಿಡಲೇಬೇಕು ಎಂದು ಆ ಒಂದೂವರೆ ಗಂಟೆಯಲ್ಲಿ ಗಟ್ಟಿ ಮನಸ್ಸು ಮಾಡಿದೆ. ಹೊರಬಂದ ಕೂಡಲೇ ಸುಮಿತ್ರಾಗೆ ಹಾಗೆಯೇ ಹೇಳಿದೆ. ಪಾಪ, ಅವಳ ಕಣ್ಣು ತುಂಬಿ ಬಂತು, ಉಳಿದಿದ್ದ ಕೇಸರಿಬಾತನ್ನೆಲ್ಲ ನನ್ನ ತಟ್ಟೆಗೇ ಬಡಿಸಿದಳು. ನಾನು ಮಾರಬೇಕೆಂದಿರುವುದು ಕಾರನ್ನು ಎಂದು ಅವಳಿಗಿನ್ನೂ ಹೇಳಿಲ್ಲ.